ಚಕ್ರಕ್ಕೆ ಕೊಟ್ಟ ಕಲ್ಲು

ಆ ವ್ಯಾನಿನಲ್ಲಿ ನನ್ನ ಕೆಲಸ ಕಲ್ಲು ತೆಗೆಯುವುದು. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಎಂಬುದು ಆಮೇಲಿನ ಮಾತು. ಬೆಳಿಗ್ಗೆ ಸೋಮವಾರಪೇಟೆಯ ಏರುಬೀದಿಯಲ್ಲಿ, ಸಂಜೆ ಶಾಲೆಯ ಗೇಟಿನ ಮುಂದೆ, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು ಬಗ್ಗಿ, ಮುಂದಿನ ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ಎತ್ತಿಕೊಂಡು ಒಳಗೆ ಹತ್ತಬೇಕು. ಅದನ್ನು ಕಾಲ ಬಳಿ ಇಟ್ಟುಕೊಂಡು ಬಾಗಿಲು ಎಳೆದುಕೊಳ್ಳಬೇಕು. ಅಲ್ಲಿಯವರೆಗೆ ಸ್ಟೇರಿಂಗ್ ಹಿಡಿದು ಕುಳಿತ ನಮ್ಮ ವಿಜ್ಞಾನದ ಮೇಷ್ಟ್ರು ಬ್ರೇಕನ್ನು ಕಾಲಲ್ಲಿ ಒತ್ತಿಕೊಂಡೇ ಇರುತ್ತಿದ್ದರು. ಹಿಂದೆ ತಿರುಗಿ ನೋಡುತ್ತಿರಲಿಲ್ಲ. “ಕಲ್ಲು ಬಂತಾ ಟೀಚರೇ?” ಎಂದು ಕೇಳುತ್ತಿದ್ದರು. ನಾನು “ಬಂತು ಸಾರ್” ಎಂದ ಮೇಲೆಯೇ ಕಾಲು ಎತ್ತುವುದು. ವ್ಯಾನು ತನ್ನಷ್ಟಕ್ಕೆ ಇಳಿಜಾರಿನಲ್ಲಿ ಉರುಳುತ್ತಿತ್ತು. ಸ್ವಲ್ಪ ವೇಗ ಬಂದಾಗ ಅವರು ಕ್ಲಚ್ ಬಿಡುತ್ತಿದ್ದರು. ವ್ಯಾನು ಒಮ್ಮೆ ಮುಗ್ಗರಿಸಿ, ಅದರಲ್ಲೇ ಶಾಲೆಗೆ ಹೋಗಿಬರುತ್ತಿದ್ದ ನಮ್ಮ ಟೀಚರುಗಳೆಲ್ಲರ ತಲೆಯನ್ನೂ ಮುಂದಕ್ಕೆ ತಳ್ಳಿ, ಸ್ಟಾರ್ಟ್ ಆಗುತ್ತಿತ್ತು. ಮಕ್ಕಳು ನನಗೆ ಕಲ್ಲು ಟೀಚರ್ ಎಂದು ಹೆಸರಿಟ್ಟಿದ್ದರು. ನನಗೆ ಅದು ಗೊತ್ತಿಲ್ಲ ಎಂದು ಅವರು ತಿಳಿದಿದ್ದರು.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಶಾಲೆಯಲ್ಲಿ ಸಂತಾಪ ಸಭೆ ಮಾಡಿದರು. ಶಿಸ್ತಿನ ಸಿಪಾಯಿ, ಮಕ್ಕಳ ಕಣ್ಮಣಿ, ತುಂಬಲಾರದ ನಷ್ಟ, ಹೀಗೆ ಯಾರು ಹೋದರೂ ಹೇಳುವುದನ್ನೇ ಹೇಳಿದರು. ಅವರನ್ನು ನೋಡಿರದವರೂ ಮೈಕಿನ ಮುಂದೆ ಗದ್ಗದಿತರಾದರು. ವ್ಯಾನಿನ ಸುದ್ದಿ ಒಬ್ಬರೂ ಎತ್ತಲಿಲ್ಲ. ಆ ವ್ಯಾನನ್ನು ಬಿಟ್ಟು ಅವರ ಬಗ್ಗೆ ಮಾತನಾಡುವುದು ಹೇಗೆ ಎಂದು ನನಗೆ ತಿಳಿಯದು. ಸಿಟ್ಟು ಬಂದು ನಾನು ಮಾತನಾಡದೆ ಕುಳಿತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದವರು. ಇವರು ಓದಿ, ಕೆಲಸ ಸಿಕ್ಕಿ, ಹೆಂಡತಿಯೊಡನೆ ಸೋಮವಾರಪೇಟೆಯಲ್ಲಿ ನೆಲೆ ನಿಂತರು. ಮಕ್ಕಳಿರಲಿಲ್ಲ. ಸಣ್ಣ ಆಳು. ಅಂಗಿಯ ಜೇಬಿನಲ್ಲಿ ಒಂದು ಸೀಮೆಸುಣ್ಣ, ಪಕ್ಕದಲ್ಲಿ ಕರೆಂಟು ನೋಡುವ ಟೆಸ್ಟರು. ಎರಡೂ ಒಟ್ಟಿಗಿದ್ದು ಟೆಸ್ಟರಿನ ತುದಿಗೆ ಯಾವಾಗಲೂ ಬಿಳಿ ಹತ್ತಿರುತ್ತಿತ್ತು. ಯಾರ ಮನೆಗೆ ಕರೆದರೂ ಹೋಗುತ್ತಿದ್ದರು, ಆದರೆ ಮನೆ ಹೇಗಿದೆ, ಊಟ ಏನು ಎಂದು ಕೇಳುವವರಲ್ಲ. “ರೋಡು ಹೆಂಗಿದೆ, ಇಳಿಜಾರು ಐತಾ?” ಎಂದು ಕೇಳುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಇಳಿಜಾರಿಗೇನು ಬರ. ಆದರೂ ಅವರ ಪ್ರಕಾರ ಎಲ್ಲ ಇಳಿಜಾರೂ ಒಂದೇ ಅಲ್ಲ. ಕೆಲವಕ್ಕೆ ಉದ್ದ ಸಾಲದು, ಕೆಲವು ನೇರ ತಿರುವಿಗೆ ಹೋಗಿ ಬೀಳುತ್ತವೆ, ಕೆಲವು ಕಣ್ಣಿಗೆ ಇಳಿಜಾರು, ಚಕ್ರಕ್ಕೆ ಅಲ್ಲ. ಮಾದಾಪುರದ ದಾರಿಯಲ್ಲಿ ಒಂದು ಜಾಗವನ್ನು ಅವರು ನನಗೆ ಎಷ್ಟೋ ಸಲ ತೋರಿಸಿದ್ದರು. ಅಂಥ ಇಳಿಜಾರು ಸುಮ್ಮನೆ ಬಿದ್ದಿದೆಯಲ್ಲ, ಅಲ್ಲೊಂದು ಮನೆ ಕಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಮರುಗುತ್ತಿದ್ದರು. ಅವರಿಗೆ ಹೆದರಿಕೆ ಇದ್ದದ್ದು ಸ್ವಂತ ಊರಿನ ಬಗ್ಗೆ. ಕುಶಾಲನಗರದ ಕಡೆ ನೆಲ ಸಮ. ಅಣ್ಣನ ಮನೆಗೆ ಹೋದರೆ ವ್ಯಾನನ್ನು ದೂರದ ನಾಲೆಯ ಏರಿಯ ಮೇಲೆ ನಿಲ್ಲಿಸಿ, ಗದ್ದೆಯ ಬದುವಿನಲ್ಲಿ ನಡೆದು ಬರುತ್ತಿದ್ದರಂತೆ.

ವ್ಯಾನು ಅವರ ಕೈಗೆ ಬರುವ ಹೊತ್ತಿಗೇ ಹಳೆಯದು. ಮುಂದಿನ ಸೀಟಿನ ಕೆಳಗೇ ಇಂಜಿನ್ನು. ಏರು ಹತ್ತುವಾಗ ಮುಂದೆ ಕುಳಿತವರಿಗೆ ಅಡಿಯಿಂದ ಬಿಸಿ ತಟ್ಟುತ್ತಿತ್ತು. ಆ ಜಾಗದಲ್ಲಿ ಕೂರುತ್ತಿದ್ದವರು ನಮ್ಮ ಪಿ.ಟಿ. ಮೇಷ್ಟ್ರು, ಕೊಡವರು, ಆಜಾನುಬಾಹು. ಚಳಿಗಾಲದಲ್ಲಿ ಆ ಸೀಟು ಬಿಟ್ಟುಕೊಡುತ್ತಿರಲಿಲ್ಲ. ಕಲ್ಲು ತೆಗೆಯುವ ಕೆಲಸ ಅವರಿಗೆ ಕೊಡಿ ಎಂದು ನಾನು ಜಗಳ ತೆಗೆದಿದ್ದೆ. ಅವರು ಇಳಿದು ಹತ್ತಿದರೆ ವ್ಯಾನು ವಾಲುತ್ತದೆ, ನೀವಾದರೆ ಹಗುರ ಎಂದು ವಿಜ್ಞಾನದ ಮೇಷ್ಟ್ರು ತೀರ್ಪು ಕೊಟ್ಟರು. ಆಮೇಲೆ ಅಪ್ಪೀಲಿಲ್ಲ.

ವ್ಯಾನಿನ ಕಾಯಿಲೆ ಇಷ್ಟೇ. ಕೀ ತಿರುಗಿಸಿದರೆ ಒಳಗೆಲ್ಲೋ ಟಕ್ ಎಂದು ಒಂದು ಸದ್ದು, ಮತ್ತೆ ಮೌನ. ಸೆಲ್ಫ್ ತೆಗೆದುಕೊಳ್ಳುತ್ತಿರಲಿಲ್ಲ. ಲೈಟು ಉರಿಯುತ್ತಿತ್ತು, ಹಾರ್ನು ಊರಿಗೆಲ್ಲ ಕೇಳುತ್ತಿತ್ತು, ಇಂಜಿನ್ನು ಮಾತ್ರ ತಿರುಗದು. ದಿನಾ ಹೀಗೆಯೇ ಆಗಿದ್ದರೆ ಒಂದು ದಾರಿ ಇತ್ತು. ಒಂದು ವಾರ ಮುಟ್ಟಿದರೆ ಸ್ಟಾರ್ಟ್, ಮರುವಾರ ಬೇಡಿಕೊಂಡರೂ ಇಲ್ಲ. ಗ್ಯಾರೇಜಿನ ಬೋರ್ಡು ಕಂಡ ಕೂಡಲೇ ಅದಕ್ಕೆ ಎಲ್ಲಿಲ್ಲದ ಆರೋಗ್ಯ ಬರುತ್ತಿತ್ತು. ಪೇಟೆಯ ಮೆಕ್ಯಾನಿಕ್ ಕೇರಳದ ಕಡೆಯವರು, ತಾಳ್ಮೆಯ ಮನುಷ್ಯ. ಅವರು ಕೀ ತಿರುಗಿಸಿದರು, ಸ್ಟಾರ್ಟ್ ಆಯಿತು. ಆಫ್ ಮಾಡಿ ಮತ್ತೆ ತಿರುಗಿಸಿದರು, ಮತ್ತೆ ಆಯಿತು.

“ಸಾರೇ, ಇಲ್ಲಿ ಸರಿ ಉಂಟಲ್ಲ. ಸ್ಟಾರ್ಟ್ ಆಗದಿರುವಾಗ ತೆಗೊಂಡು ಬನ್ನಿ” ಎಂದರು.

ಸ್ಟಾರ್ಟ್ ಆಗದ ವ್ಯಾನನ್ನು ತರುವುದು ಹೇಗೆ ಎಂದು ಮೇಷ್ಟ್ರು ಕೇಳಲಿಲ್ಲ. ಅವರಿಗೆ ಆ ಮಾತಿನಲ್ಲಿ ತರ್ಕ ಕಾಣಿಸಿತು. ಒಂದು ದಿನ ಸೆಲ್ಫ್ ತೆಗೆದುಕೊಳ್ಳದಿದ್ದಾಗ ನಮ್ಮನ್ನೆಲ್ಲ ಇಳಿಸಿ ಗ್ಯಾರೇಜಿನವರೆಗೆ ತಳ್ಳಿಸಿದರು. ಪೇಟೆಯವರೆಲ್ಲ ನೋಡುತ್ತಿದ್ದರು. ಗ್ಯಾರೇಜಿನ ಒಳಗೆ ಹೋದ ಮೇಲೆ ಮೆಕ್ಯಾನಿಕ್ ಕೀ ತಿರುಗಿಸಿದರು. ಏನಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಮೇಷ್ಟ್ರು ಬ್ಯಾಟರಿ ಹೊಸದು ಹಾಕಿಸಿದರು. ಸೆಲ್ಫ್ ಮೋಟರು ಬಿಚ್ಚಿಸಿ ಒಳಗಿನದನ್ನೆಲ್ಲ ಬದಲಿಸಿದರು. ಕೀ ಹಾಕುವ ಸ್ವಿಚ್ಚು ಬದಲಾಯಿತು. ಅರ್ಥ್ ವಯರನ್ನು ಉಪ್ಪುಕಾಗದ ಹಾಕಿ ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿ ಮತ್ತೆ ಬಿಗಿದರು. ಪ್ರತಿ ರಿಪೇರಿಯ ಮರುದಿನ ಸ್ಟಾಫ್ ರೂಮಿನ ಬೋರ್ಡಿನ ಮೇಲೆ ಬ್ಯಾಟರಿಯಿಂದ ಮೋಟರಿನವರೆಗೆ ಗೆರೆ ಎಳೆದು, ಸರಿ ಎಂದು ಗೊತ್ತಾದ ಭಾಗವನ್ನು ಒರೆಸಿಬಿಡುತ್ತಿದ್ದರು. ಉಳಿದದ್ದರಲ್ಲಿ ತಪ್ಪು ಇರಲೇಬೇಕು ಎಂಬುದು ಅವರ ಲೆಕ್ಕ. ಕೊನೆಗೆ ಬೋರ್ಡು ಪೂರ್ತಿ ಖಾಲಿಯಾಯಿತು, ವ್ಯಾನು ಹಾಗೆಯೇ ಉಳಿಯಿತು. ಕೀ ತಿರುಗಿಸುವ ಮೊದಲು ಒಮ್ಮೆ ಹಾರ್ನ್ ಹೊಡೆದು ನೋಡಿ ಎಂದು ಪಿ.ಟಿ. ಮೇಷ್ಟ್ರು ಸಲಹೆ ಕೊಟ್ಟರು. ದೃಷ್ಟಿ ತೆಗೆಸಿ ಎಂದು ಶಾಲೆಯ ಬಿಸಿಯೂಟದ ಅಡುಗೆಯವರು ಹೇಳಿದರು. ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಮತ್ತೆ ಮೊದಲಿನಿಂದ ಬ್ಯಾಟರಿಯ ಚಿತ್ರ ಬರೆದರು.

“ಕಾರಣ ಇಲ್ದೆ ಯಾವ್ದೂ ಆಗಲ್ಲ ಟೀಚರೇ. ಸಿಗೋವರ್ಗೂ ಹುಡುಕ್ಬೇಕು, ಅಷ್ಟೇ” ಎನ್ನುತ್ತಿದ್ದರು. ಮಕ್ಕಳಿಗೂ ಇದನ್ನೇ ಹೇಳುತ್ತಿದ್ದರು. ಪಾಠದಲ್ಲಿ ಏನು ಬಂದರೂ ಕೊನೆಗೆ ಈ ಮಾತಿಗೆ ಬಂದು ನಿಲ್ಲುತ್ತಿತ್ತು.

ಇದೆಲ್ಲ ನಗುವ ವಿಷಯವಾಗಿಯೇ ಉಳಿಯುತ್ತಿತ್ತೇನೋ. ಆದರೆ ಅವರ ಹೆಂಡತಿಗೆ ಮೂತ್ರಪಿಂಡದ ಕಾಯಿಲೆ ಬಂತು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಡಿಕೇರಿಯ ಆಸ್ಪತ್ರೆಗೆ ಹೋಗಬೇಕಾಯಿತು. ಅಂದಿನಿಂದ ಆ ವ್ಯಾನು ಸ್ಟಾರ್ಟ್ ಆಗುವುದು, ಆಗದಿರುವುದು ತಮಾಷೆಯಾಗಿ ಉಳಿಯಲಿಲ್ಲ.

ನಾವೆಲ್ಲ ಕಾರು ಮಾಡಿಕೊಡುತ್ತೇವೆ ಎಂದೆವು. ಪಿ.ಟಿ. ಮೇಷ್ಟ್ರು ತಮ್ಮ ಮನೆಯ ಜೀಪನ್ನೇ ಡ್ರೈವರ್ ಸಮೇತ ಕಳಿಸುತ್ತೇನೆ ಎಂದರು. ಇವರು ಆಯಿತು ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ತಮ್ಮ ಪಾಡಿಗೆ ವ್ಯಾನಿನಲ್ಲೇ ಕರೆದುಕೊಂಡು ಹೋದರು. ಎಂಥ ಹಟ ಎಂದು ನನಗೆ ರೇಗಿತು. ಒಂದು ರಜಾದಿನ ನಾನೂ ಜೊತೆಗೆ ಹೋದೆ, ಕಲ್ಲಿನ ಕೆಲಸಕ್ಕಾದರೂ ಆಗಲಿ ಎಂದು. ದಾರಿಯುದ್ದಕ್ಕೂ ಮುಂದಿನ ಸೀಟಿನಲ್ಲಿ ಶಾಲು ಹೊದ್ದು ಕುಳಿತ ಆಕೆ ವ್ಯಾನನ್ನು ಬಯ್ಯುತ್ತಿದ್ದರು. ಇದರ ಸದ್ದು, ಇದರ ವಾಸನೆ, ಇದರ ಸೀಟು, ಇದನ್ನು ಕೊಂಡವರ ಬುದ್ಧಿ, ಯಾವುದನ್ನೂ ಬಿಡಲಿಲ್ಲ. ಮೇಷ್ಟ್ರು ತಲೆ ಆಡಿಸುತ್ತ ಒಪ್ಪಿಕೊಳ್ಳುತ್ತಿದ್ದರು. ಪೆಟ್ರೋಲ್ ಬಂಕಿನಲ್ಲಿ ಅವರು ಇಳಿದಾಗ ಆಕೆ ನನ್ನ ಕಡೆ ತಿರುಗಿದರು.

“ನನಗಿಂತ ಜಾಸ್ತಿ ಇದ್ರ ಆರೋಗ್ಯ ವಿಚಾರಿಸ್ತಾರೆ ಕಣಮ್ಮ” ಎಂದರು. ಆಮೇಲೆ ಶಾಲು ಸರಿಮಾಡಿಕೊಂಡು, “ಬೇರೇವ್ರ ಕಾರಾದ್ರೆ ಸುಮ್ನೆ ಒರಗಿ ಕೂತಿರ್ಬೇಕು. ಇದ್ರಲ್ಲಾದ್ರೆ ಬೈಕೊಂಡು ಹೋಗ್ಬೋದು” ಎಂದರು.

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಆಕೆ ರೋಗಿಯಂತೆ ಕೂರದೆ ಹೆಂಡತಿಯಂತೆ ಕೂರಬಹುದಾದ ಜಾಗ ಅದೊಂದೇ ಇತ್ತು ಎಂದು ನನಗೆ ಹೊಳೆಯಿತು.

ಆಸ್ಪತ್ರೆಯ ಹಿಂದೆ ಮೇಷ್ಟ್ರು ಒಂದು ಇಳಿಜಾರು ಹುಡುಕಿ ಇಟ್ಟುಕೊಂಡಿದ್ದರು. ಅಲ್ಲಿ ವ್ಯಾನು ನಿಲ್ಲಿಸಿ, ಕಲ್ಲು ಕೊಟ್ಟು, ಆಕೆಯನ್ನು ಒಳಗೆ ಬಿಟ್ಟೆವು. ಆಕೆಯ ಕೈಗೆ ನಳಿಕೆಗಳನ್ನು ಜೋಡಿಸಿದರು, ಪಕ್ಕದ ಯಂತ್ರ ತಿರುಗತೊಡಗಿತು. ಮೇಷ್ಟ್ರು ಆ ಯಂತ್ರವನ್ನೇ ನೋಡುತ್ತ ನಿಂತರು. ಈ ದೀಪ ಯಾಕೆ, ಕರೆಂಟು ಹೋದರೆ ಏನು ಮಾಡುತ್ತೀರಿ, ಈ ವಯರು ಸ್ವಲ್ಪ ಸಡಿಲ ಇದ್ದ ಹಾಗಿದೆಯಲ್ಲ ಎಂದು ಒಂದೊಂದಾಗಿ ಕೇಳಿದರು. ನರ್ಸ್ ಸಮಾಧಾನದಿಂದ ಉತ್ತರ ಕೊಟ್ಟು, ಕೊನೆಗೆ ಸಮಾಧಾನದಿಂದಲೇ ಹೊರಗೆ ಕಳಿಸಿದರು. ಕಾರಿಡಾರಿನಲ್ಲಿ ಅವರಿಗೆ ಕೂರಲು ಆಗಲಿಲ್ಲ. ಒಳಗಿನ ಯಂತ್ರವನ್ನು ಅವರು ಮುಟ್ಟುವಂತಿರಲಿಲ್ಲ. ಹೊರಗೆ ಹೋಗಿ ವ್ಯಾನಿನ ಸೀಟು ಎತ್ತಿದರು.

ಅಂದು ಅವರು ಮಾಡಿದ ಕೆಲಸ ಅವರೇ ಮಾಡಬೇಕು. ಕಾಯಲು ಹೇಗೂ ಸಮಯವಿದೆ ಎಂದು ಸೆಲ್ಫ್ ಮೋಟರಿಗೆ ಸಂಬಂಧಪಟ್ಟ ವಯರುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದರು. ಎಲ್ಲಿಂದ ಬಂದದ್ದು ಎಲ್ಲಿಗೆ ಹೋಗಬೇಕು ಎಂದು ಮರೆಯದಿರಲು ಹೆಂಡತಿಯ ಹೊಲಿಗೆ ಡಬ್ಬಿಯಿಂದ ಬಣ್ಣಬಣ್ಣದ ದಾರ ತಂದಿದ್ದರು, ಪ್ರತಿ ವಯರಿಗೂ ಒಂದು ಬಣ್ಣ ಕಟ್ಟಿದರು. ನಾನು ದಾರ ಕತ್ತರಿಸಿ ಕೊಟ್ಟೆ. ಬಿಚ್ಚುವುದು ಮುಗಿಯಿತು, ಜೋಡಿಸುವುದು ಮುಗಿಯಲಿಲ್ಲ. ಆಕೆ ಗೋಡೆ ಹಿಡಿದುಕೊಂಡು ಹೊರಗೆ ಬಂದಾಗ ವ್ಯಾನಿನೊಳಗಿನದೆಲ್ಲ ಟವಲಿನ ಮೇಲೆ ಹರಡಿತ್ತು. ಆಕೆ ಮೆಟ್ಟಿಲ ಮೇಲೆ ಕುಳಿತು ಅದನ್ನೆಲ್ಲ ನೋಡಿದರು.

“ನನ್ನ ನರ ಒಳಗೆ ಅವ್ರು ಎಳೆದ್ರು, ಇದ್ರ ನರ ಹೊರಗೆ ಇವ್ರು ಎಳ್ದಿದಾರೆ” ಎಂದು ನನಗೆ ಹೇಳಿ, ನಗಲು ಹೋಗಿ ಸುಸ್ತಾಗಿ ಕಣ್ಣು ಮುಚ್ಚಿದರು.

ಬಸ್ಸಿನಲ್ಲಿ ವಾಪಸ್ಸು ಬಂದೆವು. ಕಂಡಕ್ಟರ್ ಯಾರನ್ನೋ ಎಬ್ಬಿಸಿ ಆಕೆಗೆ ಕಿಟಕಿ ಬಳಿ ಸೀಟು ಕೊಡಿಸಿದರು. ಮೇಷ್ಟ್ರು ಪಕ್ಕದಲ್ಲಿ ನಿಂತು ಆಕೆಯ ತಲೆ ಕಂಬಿಗೆ ತಾಗದಂತೆ ಮಾದಾಪುರದವರೆಗೂ ಕೈ ಅಡ್ಡ ಹಿಡಿದಿದ್ದರು. ಅವರ ಬೆರಳಿಗೆ ಒಂದು ಹಸಿರು ದಾರ ಸುತ್ತಿಕೊಂಡೇ ಇತ್ತು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಮರುದಿನ ಒಬ್ಬರೇ ಹೋಗಿ ವಯರು ಜೋಡಿಸಿ ವ್ಯಾನು ತಂದರು. ಈಗ ಮುಟ್ಟಿದರೆ ಸ್ಟಾರ್ಟ್ ಆಗುತ್ತದೆ, ಬಿಚ್ಚಿ ಜೋಡಿಸಿದ್ದರಲ್ಲೇ ಸರಿಹೋಯಿತು ಎಂದು ಸ್ಟಾಫ್ ರೂಮಿನಲ್ಲಿ ಹೇಳುವಾಗ ಅವರ ಮುಖ ನೋಡಬೇಕಿತ್ತು. ಆ ಸಂತೋಷ ಒಂದು ವಾರ ಬಾಳಿತು.

ಆಮೇಲೆ ಆಕೆಯ ಆರೋಗ್ಯವೂ ವ್ಯಾನಿನ ಹಾಗೇ ಆಯಿತು. ಒಂದು ದಿನ ಎದ್ದು ಕಡುಬು ಮಾಡಿ ನಮಗೆಲ್ಲ ಕಳಿಸುತ್ತಿದ್ದರು, ಮರುದಿನ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ನಿನ್ನೆ ಚೆನ್ನಾಗಿದ್ದವಳಿಗೆ ಇವತ್ತು ಏನಾಯಿತು ಎಂದು ಮೇಷ್ಟ್ರು ಡಾಕ್ಟರನ್ನು ಕೇಳುತ್ತಿದ್ದರು. ಈ ಕಾಯಿಲೆ ಹಾಗೇ ಎಂದು ಅವರು ಹೇಳುತ್ತಿದ್ದರು. ಹಾಗೇ ಎಂಬುದು ಉತ್ತರವಲ್ಲ ಎಂದು ಇವರು ನಮ್ಮ ಹತ್ತಿರ ಬಂದು ಸಂಕಟಪಡುತ್ತಿದ್ದರು. ನಾವು ಚಹಾ ತರಿಸುತ್ತಿದ್ದೆವು.

ಆ ದಿನ ಬಂದದ್ದು ಕಾಫಿ ಹೂ ಬಿಟ್ಟಿದ್ದ ಕಾಲದಲ್ಲಿ. ಶಾಲೆಯ ಗೇಟಿನ ಮುಂದಿನ ಇಳಿಜಾರನ್ನು ನೀರಿನ ಪೈಪಿಗೆಂದು ಅಗೆದುಹಾಕಿದ್ದರು. ಬೇರೆ ದಾರಿ ಕಾಣದೆ ಮೇಷ್ಟ್ರು ವ್ಯಾನನ್ನು ಆಟದ ಮೈದಾನದ ನಡುವೆ ನಿಲ್ಲಿಸಿದರು. ಗುಡ್ಡ ತರಿದು ಮಾಡಿದ ಮೈದಾನ, ಅಂಗೈಯಷ್ಟು ಸಮ. ಕಲ್ಲು ವ್ಯಾನಿನ ಒಳಗೇ ಉಳಿಯಿತು. ಅಲ್ಲಿ ಅದರ ಅಗತ್ಯವೇ ಇರಲಿಲ್ಲ. ಇಳಿಯುವಾಗ ಅವರು ಎರಡು ಸಲ ತಿರುಗಿ ನೋಡಿದ್ದು ನೆನಪಿದೆ.

ಮಧ್ಯಾಹ್ನದ ಬೆಲ್ಲಿಗೆ ಮೊದಲು ಅವರಿಗೆ ಫೋನು ಬಂತು. ಮನೆಯಲ್ಲಿ ಆಕೆಯ ಜೊತೆಗಿದ್ದವರು ಆಕೆಯ ತಂಗಿ. ಅಕ್ಕನಿಗೆ ಉಸಿರು ಕಟ್ಟುತ್ತಿದೆ, ಆಂಬುಲೆನ್ಸು ಬರಲು ಹೊತ್ತಾಗುತ್ತದಂತೆ, ಬೀದಿಯಲ್ಲಿ ಯಾರ ವಾಹನವೂ ಇಲ್ಲ, ಬೇಗ ಬನ್ನಿ ಎಂದರು. ಮೇಷ್ಟ್ರು ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಮೈದಾನಕ್ಕೆ ಓಡಿದರು. ಶಾಲೆಯಲ್ಲಿ ಬೇರೆ ವಾಹನ ಇರಲಿಲ್ಲ, ಎಲ್ಲರೂ ಬರುತ್ತಿದ್ದದ್ದು ಅದರಲ್ಲೇ. ಪಿ.ಟಿ. ಮೇಷ್ಟ್ರು ಸೀಟಿ ಊದಿ ಹತ್ತನೆಯ ತರಗತಿಯನ್ನು ಪೂರ್ತಿ ಹೊರಗೆ ಕರೆದರು. ಹುಡುಗರು ವ್ಯಾನಿನ ಹಿಂದೆ ಕೈ ಕೊಟ್ಟು ನಿಂತರು. ಉಳಿದ ಟೀಚರುಗಳೂ ಸೆರಗು ಕಟ್ಟಿಕೊಂಡು ನಿಂತರು. ನಾನು ಒಳಗೆ ಹತ್ತಿ ನನ್ನ ಜಾಗದಲ್ಲಿ ಕುಳಿತೆ. ಆಕೆಯನ್ನು ಕೈಹಿಡಿದು ಹತ್ತಿಸಲು, ಇಳಿಸಲು ಒಬ್ಬರು ಬೇಕಲ್ಲ.

ಮೇಷ್ಟ್ರು ಕೀ ಹಾಕುವಷ್ಟರಲ್ಲಿ ಫೋನು ಮತ್ತೆ ಬಂತು. ಕಿವಿಗೆ ಇಟ್ಟುಕೊಂಡರು. ಸ್ವಲ್ಪ ಹೊತ್ತು ಕೇಳಿದರು. “ಹೂಂ” ಎಂದರು. ಫೋನನ್ನು ಜೇಬಿಗೆ ಹಾಕಿ ಕೀ ತಿರುಗಿಸಿದರು.

ಸ್ಟಾರ್ಟ್ ಆಯಿತು. ಒಂದೇ ಸಲಕ್ಕೆ, ಹೊಸ ಗಾಡಿಯಂತೆ. ಹಿಂದೆ ಹುಡುಗರು ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಟೀಚರುಗಳೂ ತಟ್ಟಿದರು. ಪಿ.ಟಿ. ಮೇಷ್ಟ್ರು ವ್ಯಾನಿನ ಬೆನ್ನಿಗೆ ಎರಡು ಸಲ ಬಡಿದರು.

ಮೇಷ್ಟ್ರು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಕುಳಿತೇ ಇದ್ದರು. “ಸ್ಟಾರ್ಟ್ ಆಯ್ತಲ್ಲ ಟೀಚರೇ” ಎಂದರು. ಚಪ್ಪಾಳೆಯ ನಡುವೆ ಆ ಮಾತು ನನಗೆ ಮಾತ್ರ ಕೇಳಿಸಿತು. ಆಮೇಲೆ, “ಇನ್ನೇನು ಅರ್ಜೆಂಟಿಲ್ಲ. ಹೋದ್ಲಂತೆ” ಎಂದರು.

ಹೊರಗಿನವರಿಗೆ ಚಪ್ಪಾಳೆ ನಿಲ್ಲಿಸಿ ಎಂದು ಹೇಳಬೇಕು ಅನ್ನಿಸಿತು, ಹೇಗೆ ಹೇಳುವುದೆಂದು ಗೊತ್ತಾಗಲಿಲ್ಲ. ಇಂಜಿನ್ನು ಸದ್ದಿಲ್ಲದಷ್ಟು ಚೆನ್ನಾಗಿ ಓಡುತ್ತಿತ್ತು. ಮೇಷ್ಟ್ರು ಗೇರ್ ಹಾಕಿದರು. ಹಿಂದೆ ತಿರುಗಲಿಲ್ಲ.

“ಕಲ್ಲು ಬಂತಾ ಟೀಚರೇ?” ಎಂದರು.

ಆ ಸಮನೆಲದಲ್ಲಿ ಯಾರೂ ಕಲ್ಲು ಕೊಟ್ಟಿರಲಿಲ್ಲ. “ಬಂತು ಸಾರ್” ಎಂದೆ. ವ್ಯಾನು ಹೊರಟಿತು.

ಅದಾದ ಮೇಲೂ ಅವರು ನಿವೃತ್ತರಾಗುವವರೆಗೆ ಅದೇ ವ್ಯಾನಿನಲ್ಲಿ ನಮ್ಮನ್ನು ಕರೆದುಕೊಂಡು ಓಡಾಡಿದರು. ಆದರೆ ಸೀಟು ಎತ್ತಿದ್ದನ್ನು ನಾನು ನೋಡಲಿಲ್ಲ. ಜೇಬಿನಲ್ಲಿ ಸೀಮೆಸುಣ್ಣ ಇರುತ್ತಿತ್ತು, ಟೆಸ್ಟರು ಇರಲಿಲ್ಲ. ಸೆಲ್ಫ್ ತೆಗೆದುಕೊಳ್ಳದಿದ್ದರೆ ಕೀ ಬಿಟ್ಟು, ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದರು. ನಾವೇ ಇಳಿದು ತಳ್ಳುತ್ತಿದ್ದೆವು. ಪೇಟೆಗೆ ಹೊಸದಾಗಿ ಬಂದ ಒಬ್ಬ ಎಲೆಕ್ಟ್ರಿಷಿಯನ್ ನಾನು ಹುಡುಕಿಕೊಡುತ್ತೇನೆ, ಒಂದು ದಿನ ಬಿಟ್ಟುಹೋಗಿ ಸಾರ್ ಎಂದು ಕೇಳಿದ್ದರು. ಬೇಡಪ್ಪ, ಇರಲಿ ಎಂದುಬಿಟ್ಟರು. ಕಾರಣ ಇಲ್ಲದೆ ಯಾವುದೂ ಆಗುವುದಿಲ್ಲ ಎಂಬ ಮಾತನ್ನು ಪಾಠದಲ್ಲಿಯೂ ಅವರು ಮತ್ತೆ ಆಡಲಿಲ್ಲ ಎಂದು ಮಕ್ಕಳು ನನಗೆ ಹೇಳಿದರು. ನನಗೆ ಅದು ಅವರ ಹೆಂಡತಿ ಹೋದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಹೀಗೆ ಬರೆಯುವುದು ತಪ್ಪಿರಬಹುದು, ಆದರೆ ಅನ್ನಿಸಿದ್ದು ಹಾಗೇ.

ಹೋದ ತಿಂಗಳು ಸುದ್ದಿ ಬಂದ ಬೆಳಿಗ್ಗೆ ನಾನೂ ಪಿ.ಟಿ. ಮೇಷ್ಟ್ರೂ ಅವರ ಮನೆಗೆ ಹೋದೆವು. ಹಿಂದಿನ ದಿನ ಮಲಗಿದವರು ಎದ್ದಿರಲಿಲ್ಲ. ಏನಾಗಿತ್ತು ಎಂದು ಯಾರಿಗೂ ಗೊತ್ತಿಲ್ಲ. ಮನೆಯ ಮುಂದಿನ ಇಳಿಜಾರಿನಲ್ಲಿ ವ್ಯಾನು ಕೆಳಕ್ಕೆ ಮುಖ ಮಾಡಿ ನಿಂತಿತ್ತು, ಮುಂದಿನ ಚಕ್ರಕ್ಕೆ ಕಲ್ಲು. ನಮ್ಮದೇ ಕಲ್ಲು, ಒಂದು ಮೂಲೆ ಒಡೆದದ್ದು. ಶವವನ್ನು ಕುಶಾಲನಗರದ ಕಡೆಯ ಅವರ ಜಮೀನಿಗೆ ಒಯ್ಯಲು ಬಂದ ಗಾಡಿಗೆ ದಾರಿ ಸಾಲದೆ, ವ್ಯಾನನ್ನು ತೆಗೆಯಬೇಕಾಯಿತು. ಅವರ ಅಣ್ಣನ ಮಗ ಕೀ ತಂದು ಕುಳಿತು ತಿರುಗಿಸಿದರು. ಟಕ್ ಎಂದಿತು. ಮತ್ತೆ ತಿರುಗಿಸಿದರು. ಮತ್ತೆ ಟಕ್. ಬ್ಯಾಟರಿ ಹೋಗಿರಬೇಕು ಎಂದು ಯಾರೋ, ವಯರು ಹೋಗಿರಬೇಕು ಎಂದು ಇನ್ನಾರೋ. ನನಗೆ ಆ ಮಾತುಗಳನ್ನು ಕೇಳಲು ಆಗಲಿಲ್ಲ. ಕಿಟಕಿಯ ಬಳಿ ಹೋಗಿ, ಬ್ರೇಕ್ ಒತ್ತಿ ಹಿಡಿಯಿರಿ, ಎರಡನೇ ಗೇರಿನಲ್ಲಿಡಿ, ಉರುಳಿದ ಮೇಲೆ ಕ್ಲಚ್ ಬಿಡಿ, ನಾನು ಕಲ್ಲು ತೆಗೆಯುತ್ತೇನೆ ಎಂದೆ. ಅವರು ತಲೆಯಾಡಿಸಿದರು.

ಸೀರೆಯ ನೆರಿಗೆ ಹಿಡಿದು ಬಗ್ಗಿದೆ. ಮೊದಲಿನಂತೆ ಬಗ್ಗಲು ಈಗ ಆಗುವುದಿಲ್ಲ. ಕಲ್ಲು ಎತ್ತಿಕೊಂಡು ನೆಟ್ಟಗಾಗಿ ಬಾಗಿಲಿನ ಕಡೆ ತಿರುಗಿದೆ. ಅಷ್ಟರಲ್ಲಿ ವ್ಯಾನು ಉರುಳತೊಡಗಿತ್ತು. ಅದು ನನ್ನ ಪಕ್ಕದಲ್ಲೇ ಹಾದು ಕೆಳಗೆ ಹೋಗಿ, ಒಮ್ಮೆ ಮುಗ್ಗರಿಸಿ ಸ್ಟಾರ್ಟ್ ಆಗಿ, ತಿರುವಿನಲ್ಲಿ ಮರೆಯಾಯಿತು. ಪಾಪ, ಆ ಹುಡುಗನ ತಪ್ಪಲ್ಲ, ಅವನಿಗೆ ಏನು ಗೊತ್ತು. ಮೇಷ್ಟ್ರನ್ನು ಹೊರಗೆ ತರುತ್ತಿದ್ದಾರೆ, ದಾರಿ ಬಿಡಿ ಎಂದು ಹಿಂದಿನಿಂದ ಯಾರೋ ಹೇಳಿದರು. ನಾನು ರಸ್ತೆಯ ಪಕ್ಕಕ್ಕೆ ಸರಿದು ನಿಂತೆ. ಕೈಯಲ್ಲಿ ಕಲ್ಲು ಇತ್ತು, ಬಂತಾ ಎಂದು ಯಾರೂ ಕೇಳಲಿಲ್ಲ.